ಲುಕಿಂಗ್ ಗ್ಲಾಸ್ ಬ್ಯಾಂಡಿನ 'ಬ್ರ್ಯಾಂಡಿ' ಹಾಡು ನಿಜವಾದ ಕಥೆನಾ?

ಇಲ್ಲ, ಬ್ರ್ಯಾಂಡಿ ಅನ್ನೋ ಹೆಂಗಸು ನಿಜಕ್ಕೂ ಇರ್ಲಿಲ್ಲ. ಹಾಡು ಬರೆದು ಹಾಡಿದ್ದು ಎಲಿಯಟ್ ಲೂರಿ, ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ಯೂನಿವರ್ಸಿಟಿಲಿ ಹುಟ್ಕೊಂಡ ಬ್ಯಾಂಡ್ ಅವ್ರದ್ದು. ಹೈಸ್ಕೂಲಲ್ಲಿದ್ದಾಗಿನ ಗರ್ಲ್‌ಫ್ರೆಂಡ್ ಹೆಸರನ್ನೇ ಗುನುಗ್ತಾ ಶುರು ಮಾಡಿದ್ದು, ಆಮೇಲೆ ಹಾಡಲ್ಲಿರೋಳು ಬಂದರಿನ ಬಾರಲ್ಲಿ ನಾವಿಕರಿಗೆ ಡ್ರಿಂಕ್ಸ್ ಕೊಡೋ ಹುಡುಗಿ ಅಲ್ವಾ, ಹಂಗಾಗಿ ಅದನ್ನ ಸ್ವಲ್ಪ ಬದಲಾಯಿಸಿ ಬ್ರ್ಯಾಂಡಿ ಅಂತ ಮಾಡಿದ್ರು. ಅವಳು ಪ್ರೀತಿಸಿದ ನಾವಿಕನಿಗೆ ಸಮುದ್ರನೇ ಎಲ್ಲಾ, ದಡದಲ್ಲಿ ಸಂಸಾರ ಹೂಡೋ ಜಾಯಮಾನದವನಲ್ಲ, ಅದನ್ನವನು ಮುಚ್ಚಿಡದೆ ಹೇಳ್ತಾನೆ ಕೂಡ, ನನಗೆ ಈ ಹಾಡಲ್ಲಿ ಜಾಸ್ತಿ ನೋವು ಕೊಡೋದು ಆ ಪ್ರಾಮಾಣಿಕತೆನೇ.

ಬ್ರ್ಯಾಂಡಿ ಅಂದ್ರೆ ಮೇರಿ ಎಲ್ಲಿಸ್ ಅನ್ನೋ ನಿಜವಾದ ಹೆಂಗಸೇ ಅಂತ ಕೆಲವರು ಹೇಳ್ತಾರೆ, ಆ ಕಥೆ ಹಬ್ಬಿದ್ದು ಯಾಕಂದ್ರೆ ಅವ್ರ ಸಮಾಧಿ ಇರೋದೂ ನ್ಯೂ ಬ್ರನ್ಸ್‌ವಿಕ್‌ನಲ್ಲೇ, ರಟ್ಗರ್ಸ್ ಇರೋ ಊರು, ಈಗ ಒಂದು ಸಿನಿಮಾ ಥಿಯೇಟರಿನ ಪಾರ್ಕಿಂಗ್ ಜಾಗದ ಮಧ್ಯೆ ಇದೆ. 1828ರಲ್ಲಿ ತೀರ್ಕೊಂಡ ಆಕೆ ಹಡಗಿನ ಕ್ಯಾಪ್ಟನ್ ಒಬ್ಬನಿಗಾಗಿ ರ‍್ಯಾರಿಟನ್ ನದಿ ದಡದಲ್ಲಿ ಕಾಯ್ತಿದ್ರಂತೆ. ಕಥೆ ಚೆನ್ನಾಗಿ ಹೊಂದುತ್ತೆ, ಆದ್ರೆ ಹಾಡಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಲೂರಿಯವರೇ ಹೇಳಿದ್ದಾರೆ.

ಹಾಡು ಹಿಟ್ ಆಗಿದ್ದಕ್ಕೆ ವಾಷಿಂಗ್ಟನ್ನಿನ ರೇಡಿಯೋ ಡಿಜೆ ಹಾರ್ವ್ ಮೂರ್‌ಗೆ ಥ್ಯಾಂಕ್ಸ್ ಹೇಳ್ಬೇಕು, ಅವ್ರು ಬಿಡದೆ ಹಾಕಿ ಹಾಕಿ ಕೇಳಿಸಿದ್ರು, 1972ರ ಆಗಸ್ಟಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ನಂಬರ್ 1 ಆಯ್ತು. ಇದರ ಹೆಸರು ಎಷ್ಟು ಫೇಮಸ್ ಆಯ್ತಂದ್ರೆ ಗಾಯಕ ಬ್ಯಾರಿ ಮ್ಯಾನಿಲೋ 1974ರಲ್ಲಿ ಇನ್ನೊಂದು 'ಬ್ರ್ಯಾಂಡಿ' ಹಾಡನ್ನ ರೆಕಾರ್ಡ್ ಮಾಡುವಾಗ ಜನ ಗೊಂದಲ ಮಾಡ್ಕೋಬಾರ್ದು ಅಂತ 'ಮ್ಯಾಂಡಿ' ಅಂತ ಬದಲಾಯಿಸಿದ್ರು.