ಬಿ.ಡಿ. ಓದಲೋ, ಎಂ.ಡಿವ್. ಓದಲೋ?

ಪ್ರಶ್ನೆ: ಸರ್, ನಮ್ಮದು ಗದಗ-ಬೆಟಗೇರಿ. ಬಿ.ಕಾಂ. ಮುಗಿಸಿ ಫೈನಾನ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಅಂದರೆ ಆ ಚರ್ಚಿನವರು ನಾವು. ಸಭಾಪಾಲಕ (ಪಾಸ್ಟರ್) ಆಗಬೇಕು ಅಂತ ಬಹಳ ದಿನದ ಆಸೆ. ಕೆಲವರು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮಾಡು ಅಂತಾರೆ. ಕೆಲವರು ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ದೊಡ್ಡದು ಅಂತಾರೆ. ಆನ್‌ಲೈನ್‌ನಲ್ಲಿ ಒಂದೇ ವರ್ಷದ ಕೋರ್ಸೂ ನೋಡಿದೆ. ಯಾವುದು ಸರಿ?

ಉತ್ತರ: ತಮ್ಮಾ, ಹೆಸರಿನಲ್ಲಿ ‘ಬ್ಯಾಚುಲರ್’ ಇದೆ ಅಂತ ಬಿ.ಡಿ.ಯನ್ನು ಸಣ್ಣದು ಅಂದ್ಕೋಬೇಡಿ. ಡಿಗ್ರಿ ಆದವರಿಗೂ ಅದು ಸಾಮಾನ್ಯವಾಗಿ ನಾಲ್ಕು ವರ್ಷದ ಓದು. ಎಂ.ಡಿವ್. ಮೂರು ವರ್ಷದ್ದು. ಎರಡೂ ತಯಾರು ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ. ನೋಡಬೇಕಾದ್ದು ಯಾರು ಕೊಡುವ ಪದವಿ, ಅದನ್ನು ನಿಮ್ಮ ಸಭೆ ಒಪ್ಪುತ್ತದಾ ಅನ್ನುವುದು.

ಬಿ.ಡಿ. ಕೊಡುವುದು ಸೆರಾಂಪುರ ಕಾಲೇಜಿನ ಸೆನೆಟ್, ಅಂದರೆ ಪದವಿ ಕೊಡುವ ಮಂಡಳಿ. ಬಂಗಾಳದ ಸೆರಾಂಪುರದಲ್ಲಿ 1818ರಲ್ಲಿ ಕ್ಯಾರಿ, ಮಾರ್ಷ್‌ಮನ್, ವಾರ್ಡ್ ಎಂಬ ಮಿಷನರಿಗಳು ಆ ಕಾಲೇಜು ಕಟ್ಟಿದರು. ಆ ಊರು ಆಗ ಡೇನರ ಕೈಯಲ್ಲಿತ್ತು. ಹಾಗಾಗಿ 1827ರಲ್ಲಿ ಪದವಿ ಕೊಡುವ ಅಧಿಕಾರ ಬಂದದ್ದು ಡೆನ್ಮಾರ್ಕ್ ದೊರೆಯಿಂದ! ಎಂ.ಡಿವ್. ನಡೆಸುವ ಎಷ್ಟೋ ಸೆಮಿನರಿಗಳಿಗೆ (ಸಭಾಪಾಲಕರನ್ನು ತಯಾರು ಮಾಡುವ ಕಾಲೇಜುಗಳಿಗೆ) ಏಷ್ಯಾ ಥಿಯಾಲಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಇದೆ. ಅದೂ ಒಳ್ಳೆ ಓದೇ. ಆದರೆ ಸಿ.ಎಸ್.ಐ.ನಲ್ಲಿ ಸಾಮಾನ್ಯವಾಗಿ ಕೇಳುವುದು ಸೆರಾಂಪುರದ ಬಿ.ಡಿ. ಎಂ.ಡಿವ್. ಮುಗಿಸಿ ಬಂದು ‘ದೀಕ್ಷೆ ಕೊಡಿ’, ಅಂದರೆ ಸಭಾಪಾಲಕನಾಗಿ ಅಭಿಷೇಕಿಸಿ ಅಂತ ಬಾಗಿಲಲ್ಲಿ ನಿಂತರೆ ಕಷ್ಟ.

ಅದಕ್ಕೇ ಅರ್ಜಿ ಹಾಕುವ ಮೊದಲು ನಿಮ್ಮ ಸಭೆಯ ಅಯ್ಯನವರ (ಸಭಾಪಾಲಕರ) ಹತ್ತಿರ ಕೂತು ಮಾತಾಡಿ. ಸಭೆಯ ಶಿಫಾರಸು ಬೇಕು. ಆಮೇಲೆ ಧಾರವಾಡದ ಡಯಾಸಿಸ್ (ಬಿಷಪ್ಪರ ಆಡಳಿತದ ಪ್ರಾಂತ್ಯ) ಕಚೇರಿ, ಸಂದರ್ಶನ. ಡಯಾಸಿಸ್ ಕಳಿಸಿಕೊಟ್ಟ ಅಭ್ಯರ್ಥಿಯಾಗಿ ಹೋದರೆ ಓದು ಮುಗಿದ ಮೇಲೆ ಕರೆಯುವವರು ಇರುತ್ತಾರೆ. ಸ್ವಂತ ದುಡ್ಡಲ್ಲಿ ಹೋದರೆ ಆ ಖಾತ್ರಿ ಇಲ್ಲ.

ಕಾಲೇಜು? ಮಂಗಳೂರಿನ ಬಲ್ಮಠದ ಕೆ.ಟಿ.ಸಿ. (ಕರ್ನಾಟಕ ಥಿಯಾಲಜಿಕಲ್ ಕಾಲೇಜು), ಬೆಂಗಳೂರಿನ ಯು.ಟಿ.ಸಿ. (ಯುನೈಟೆಡ್ ಥಿಯಾಲಜಿಕಲ್ ಕಾಲೇಜು) ಎರಡನ್ನೂ ಹೋಗಿ ನೋಡಿ ಬನ್ನಿ. ಕಟ್ಟಡ ಬಿಡಿ. ಗ್ರೀಕ್, ಹೀಬ್ರೂ ಹೇಗೆ ಕಲಿಸ್ತಾರೆ, ಭಾನುವಾರ ಯಾವ ಸಭೆಗೆ ಕಳಿಸ್ತಾರೆ, ಕನ್ನಡದಲ್ಲಿ ಪ್ರಸಂಗ (ಚರ್ಚಿನ ಉಪದೇಶ) ಮಾಡಿಸ್ತಾರಾ ಅಂತ ಅಲ್ಲಿನ ಹುಡುಗರನ್ನೇ ಕೇಳಿ. ಈ ಕೊನೆಯದು ನನಗೆ ಬಹಳ ಮುಖ್ಯ. ನನ್ನ ಹತ್ತಿರ ಓದಿದ ಹುಡುಗನೊಬ್ಬ ಗ್ರೀಕ್‌ನಲ್ಲಿ ಬಲು ಚುರುಕು. ಹಾವೇರಿ ಕಡೆ ಒಂದು ಹಳ್ಳಿಯಲ್ಲಿ ಸಾವಿನ ಮನೆಗೆ ಹೋದವನು ಪುನರುತ್ಥಾನದ ಬಗ್ಗೆ ಶುರು ಹಚ್ಚಿದ. ಅಲ್ಲಿದ್ದ ಅಜ್ಜಿ, ‘ಯಪ್ಪಾ, ಅದು ಆಮ್ಯಾಲ ಹೇಳು. ಮೊದ್ಲ ನನ್ನ ಬಾಜೂ ಕುಂಡ್ರು’ ಅಂದಳಂತೆ. ಅವನೇ ಬಂದು ನನಗೆ ಹೇಳಿದ್ದು.

ಒಂದೇ ವರ್ಷದ ಆನ್‌ಲೈನ್ ಕೋರ್ಸಿಗೆ ಸುಮ್ನೆ ದುಡ್ಡು ಹಾಕಬೇಡಿ. ಕೆಲಸ ಬಿಡುವ ಧೈರ್ಯ ಈಗಲೇ ಇಲ್ಲದಿದ್ದರೆ ಸೆರಾಂಪುರದ್ದೇ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಇದೆ, ಮನೆಯಲ್ಲೇ ಇದ್ದು ಓದುವಂಥದ್ದು. ಅದು ಬಿ.ಡಿ.ಗೆ ಬದಲಿ ಅಲ್ಲ. ಈ ಓದು ನಿಮಗೆ ಹಿಡಿಸುತ್ತದಾ ಅಂತ ಮಾತ್ರ ಗೊತ್ತಾಗುತ್ತದೆ.

ಪ್ರಶ್ನೆ: ಮಗಳು ಬಿ.ಎ. ಮುಗಿಸಿದ್ದಾಳೆ, ಬಿ.ಡಿ. ಓದ್ತೀನಿ ಅಂತಾಳೆ. ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡ್ತಾರಾ? ಹುಬ್ಬಳ್ಳಿಯ ಒಬ್ಬ ತಂದೆ.

ಉತ್ತರ: ಸಿ.ಎಸ್.ಐ.ನಲ್ಲಿ ಕೊಡ್ತಾರೆ. ಎಲಿಜಬೆತ್ ಪಾಲ್ ಅವರಿಗೆ 1976ರಲ್ಲೇ ಆಯಿತು. ಕಥೋಲಿಕರಲ್ಲಿ ಇಲ್ಲ. ನೀವು ಯಾವ ಸಭೆಯವರು ಅಂತ ಬರೆದಿಲ್ಲ, ಅಲ್ವಾ? ಅವಳಿಗೆ ಸಭೆ ನಡೆಸುವುದಕ್ಕಿಂತ ಪಾಠ ಹೇಳುವ ಆಸೆ ಜಾಸ್ತಿ ಇದ್ದರೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಇದೆ, ಅದನ್ನೂ ವಿಚಾರಿಸಿ. ಮುಂದಿನ ಪತ್ರ ಅವಳೇ ಬರೆಯಲಿ.