ಗೂಗಲ್ ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 9, ಸ್ಕೋಪಸ್‌ನಲ್ಲಿ 4. ಅಸೋಸಿಯೇಟ್ ಪ್ರೊಫೆಸರ್ ಅರ್ಜಿಯಲ್ಲಿ ಯಾವುದನ್ನು ಬರೆಯಲಿ?

ಎರಡನ್ನೂ ಬರೆಯಿರಿ. ಪಕ್ಕದಲ್ಲಿ ಎಲ್ಲಿ ನೋಡಿದ್ದು, ಯಾವ ತಾರೀಕಿಗೆ ನೋಡಿದ್ದು ಅಂತ ಹಾಕಿ. ಕೇಳಿದ್ದಕ್ಕೆ ಉತ್ತರ ಇಷ್ಟೇ. (ಈ ಲೋಕಕ್ಕೆ ಹೊಸಬರಿಗೆ: ಸ್ಕಾಲರ್, ಸ್ಕೋಪಸ್ ಎರಡೂ ಸಂಶೋಧನಾ ಪ್ರಬಂಧಗಳನ್ನೂ ಅವಕ್ಕೆ ಬಂದ ಉಲ್ಲೇಖಗಳನ್ನೂ ಲೆಕ್ಕ ಇಡುವ ತಾಣಗಳು. ಆ ಉಲ್ಲೇಖಗಳಿಂದ ಒಬ್ಬ ಲೇಖಕನಿಗೆ ಹಾಕುವ ಸಂಖ್ಯೆ ಎಚ್-ಇಂಡೆಕ್ಸ್.) ಆದರೆ ನಾನೂ ಇಂಥದೇ ಅರ್ಜಿ ಮುಂದಿಟ್ಟುಕೊಂಡು ಇದೇ ಎರಡು ಸಂಖ್ಯೆಗೆ ತಲೆ ಕೆಡಿಸಿಕೊಂಡವನು. ಅದಕ್ಕೇ ಹೇಳುತ್ತೇನೆ, ನೀವು ನೋಡಬೇಕಾದ ಜಾಗ ಅದಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಲ್ಲಿ ಸಂಶೋಧನಾ ಅಂಕದ ಕೋಷ್ಟಕ ಇದೆಯಲ್ಲ, ಅದನ್ನು ತೆಗೆದು ನೋಡಿ. ಎಚ್-ಇಂಡೆಕ್ಸಿಗೆ ಅಲ್ಲಿ ಜಾಗವೇ ಇಲ್ಲ, ಸೈಟೇಶನ್ನಿಗೂ (ನಿಮ್ಮ ಪ್ರಬಂಧವನ್ನು ಬೇರೆಯವರು ಉಲ್ಲೇಖಿಸಿದ್ದಕ್ಕೂ) ಇಲ್ಲ. ಅಸೋಸಿಯೇಟ್ ಹುದ್ದೆಗೆ ಬೇಕಾದದ್ದು ಕನಿಷ್ಠ 7 ಪ್ರಕಟಣೆ, 75 ಅಂಕ. ಆ ಅಂಕವೂ ಆರು ವಿಭಾಗಗಳಲ್ಲಿ ಕನಿಷ್ಠ ಮೂರರಿಂದ ಬಂದಿರಬೇಕು. ಅಂಕ ಕೊಡುವಾಗ ಸಮಿತಿ ನೋಡುವುದು ಲೇಖಕರ ಸಾಲಿನಲ್ಲಿ ನೀವು ಎಲ್ಲಿದ್ದೀರಿ ಅನ್ನುವುದನ್ನು. ನೀವು ರಸಾಯನಶಾಸ್ತ್ರದವರು, ಆದ್ದರಿಂದ ಒಂದು ಪ್ರಬಂಧಕ್ಕೆ ಮೂಲ ಅಂಕ 8. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನುವ ಅಳತೆ) 1ರಿಂದ 2ರೊಳಗಿದ್ದರೆ ಮೇಲೆ 15, ಒಟ್ಟು 23. ಲೇಖಕರು ಇಬ್ಬರೇ ಆದರೆ ತಲಾ ಶೇ. 70, ಅಂದರೆ 16.1. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಕರೆಸ್ಪಾಂಡಿಂಗ್ (ಪ್ರಬಂಧದ ಪತ್ರವ್ಯವಹಾರ ನೋಡಿಕೊಳ್ಳುವ) ಲೇಖಕರಿಗೆ 16.1, ಉಳಿದವರಿಗೆ ತಲಾ ಶೇ. 30, ಅಂದರೆ 6.9. ಮೊದಲ ಹೆಸರಾಗಿ ಐದು ಪ್ರಬಂಧ ಬರೆದವರಿಗೆ ಸಿಗುವಷ್ಟು ಅಂಕ ಮಧ್ಯದ ಹೆಸರಾಗಿ ಹನ್ನೊಂದು ಬರೆದರೂ ಸಿಗುವುದಿಲ್ಲ. 2025ರ ಜನವರಿಯಲ್ಲಿ ಹೊಸ ಕರಡು ನಿಯಮಾವಳಿ ಬಂದಿದೆ. ನಿಮ್ಮ ಹುದ್ದೆಯ ಅಧಿಸೂಚನೆ ಯಾವ ನಿಯಮ ಹೇಳುತ್ತದೋ ಅದರಂತೆ ಲೆಕ್ಕ ಹಾಕಿ. ಮಾನ್ಯ ಜರ್ನಲ್ಲುಗಳ ಯುಜಿಸಿ-ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದ್ದಾರೆ. ಹಳೆಯ ಪ್ರಬಂಧಗಳಿಗೆ, ಆ ಜರ್ನಲ್ ಆಗ ಪಟ್ಟಿಯಲ್ಲಿತ್ತು ಅನ್ನುವುದಕ್ಕೆ ಪುರಾವೆ ಸಿಕ್ಕರೆ ಈಗಲೇ ತೆಗೆದಿಟ್ಟುಕೊಳ್ಳಿ.

ಇನ್ನು 9 ಮತ್ತು 4ರ ನಡುವಿನ ಅಂತರ. ಅದರಲ್ಲಿ ಒಂದು ಭಾಗ ಸಹಜವಾದದ್ದೇ. ಸ್ಕೋಪಸ್ ತನ್ನ ಪಟ್ಟಿಯಲ್ಲಿರುವ ಜರ್ನಲ್, ಸಮ್ಮೇಳನ, ಪುಸ್ತಕಗಳಿಂದ ಬಂದ ಸೈಟೇಶನ್ ಮಾತ್ರ ಎಣಿಸುತ್ತದೆ. ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್ಲಿನಲ್ಲಿ ಅಚ್ಚಾಗುವ ಮೊದಲೇ ಅಂತರ್ಜಾಲಕ್ಕೆ ಹಾಕಿದ ರೂಪ), ಯಾವುದೋ ವಿಶ್ವವಿದ್ಯಾಲಯದ ಸರ್ವರಿನಲ್ಲಿ ಬಿದ್ದಿರುವ ಪಿಡಿಎಫ್, ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ಫ್ರಾನ್ಸಿನ ಸಿರಿಲ್ ಲಾಬೆ ಅನ್ನುವ ಸಂಶೋಧಕ ಕಂಪ್ಯೂಟರ್ ಹೆಣೆದ, ಒಂದನ್ನೊಂದು ಉಲ್ಲೇಖಿಸುವ 102 ಅರ್ಥಹೀನ ಪ್ರಬಂಧಗಳನ್ನು ‘ಐಕ್ ಆಂಟ್ಕೇರ್’ ಎಂಬ ಇಲ್ಲದ ವ್ಯಕ್ತಿಯ ಹೆಸರಲ್ಲಿ ಅಂತರ್ಜಾಲಕ್ಕೆ ಹಾಕಿದ. ಸ್ಕಾಲರ್ ಲೆಕ್ಕದಲ್ಲಿ ಆ ಪುಣ್ಯಾತ್ಮನ ಎಚ್-ಇಂಡೆಕ್ಸ್ 94ಕ್ಕೆ ಏರಿತು! ಇದು ಬಯಲಾದದ್ದು 2010ರಲ್ಲಿ. ಸಮಿತಿಯವರು ಸ್ಕಾಲರ್ ಸಂಖ್ಯೆ ಕಂಡರೆ ಮುಖ ಸಿಂಡರಿಸುವುದು ಸುಮ್ಮನೆ ಅಲ್ಲ.

ಅಂತರದ ಇನ್ನೊಂದು ಭಾಗ ಸಹಜವಲ್ಲ, ಹೆಸರಿನ ಎಡವಟ್ಟು. ನನಗೆ ದುಬಾರಿ ಬಿದ್ದದ್ದೂ ಇದೇ, ನಿಮ್ಮದೂ ಇದೇ ಇರಬೇಕು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಡೆ ಬಹಳ ಜನಕ್ಕೆ ಮನೆತನದ ಹೆಸರು ಇರುವುದಿಲ್ಲ. ಊರಿಗೊಂದು, ತಂದೆಗೊಂದು ಇನಿಷಿಯಲ್, ಆಮೇಲೆ ಸ್ವಂತ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಎಸ್.’ ಅಂತ ಇರುತ್ತದೆ ಅಂದುಕೊಳ್ಳಿ. ಜರ್ನಲ್ಲಿನ ಸಲ್ಲಿಕೆ ಫಾರ್ಮಿನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಪೆಟ್ಟಿಗೆ. ಲಾಸ್ಟ್ ನೇಮ್ ಖಾಲಿ ಬಿಟ್ಟರೆ ಬಹಳ ಕಡೆ ಫಾರ್ಮ್ ಮುಂದಕ್ಕೇ ಹೋಗುವುದಿಲ್ಲ. ಒಮ್ಮೆ ‘ಎಸ್’ ಹಾಕುತ್ತೀರಿ, ಇನ್ನೊಮ್ಮೆ ‘ಮಂಜುನಾಥ’ನನ್ನೇ ಆ ಪೆಟ್ಟಿಗೆಗೆ ತಳ್ಳುತ್ತೀರಿ. ಮೂರನೆಯ ಸಲ ಗೈಡ್ ಸಲ್ಲಿಸುತ್ತಾರೆ, ಅವರು ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಎ’ ಅಕ್ಷರ ಬಿಟ್ಟು ‘ಮಂಜುನಾಥ್’ ಮಾಡುತ್ತಾರೆ. ಪ್ರಕಾಶಕರು ಡಿಒಐ (ಪ್ರತಿ ಪ್ರಬಂಧಕ್ಕೂ ಇರುವ ಶಾಶ್ವತ ಗುರುತು) ನೋಂದಾಯಿಸುವಾಗ ಈ ಎರಡು ಪೆಟ್ಟಿಗೆಗಳನ್ನು ಹಾಗ್ಹಾಗೇ ಅದರ ದಾಖಲೆ ಇಡುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಕಳಿಸುತ್ತಾರೆ. ಗ್ರಂಥಋಣ ಸಿದ್ಧಪಡಿಸುವ ಝೊಟೆರೊ, ಮೆಂಡೆಲೆಯಂಥ ತಂತ್ರಾಂಶಗಳು ಡಿಒಐ ಕೊಟ್ಟ ತಕ್ಷಣ ಅಲ್ಲಿಂದಲೇ ಹೆಸರು ಎತ್ತಿಕೊಳ್ಳುತ್ತವೆ. ಹಾಗಾಗಿ ನಿಮ್ಮನ್ನು ಉಲ್ಲೇಖಿಸಿದವರ ಗ್ರಂಥಋಣದಲ್ಲಿ ನೀವು ‘ಎಸ್., ಎಂ. ಎಚ್.’ ಆಗುತ್ತೀರಿ. ಓದುವವರಿಗೆ ಅದು ಯಾರು ಅಂತ ತಿಳಿಯುವುದಿಲ್ಲ, ಸ್ಕೋಪಸ್ಸಿಗೂ ಖಾತ್ರಿಯಾಗುವುದಿಲ್ಲ. ಹೆಸರು, ಸಂಸ್ಥೆ, ಸಹಲೇಖಕರು, ವಿಷಯ ಹೊಂದಿಸಿ ನೋಡುತ್ತದೆ, ಹೊಂದದಿದ್ದರೆ ಹೊಸ ಲೇಖಕ ಅಂತ ಇನ್ನೊಂದು ಪ್ರೊಫೈಲ್ ತೆರೆಯುತ್ತದೆ. ನಡುವೆ ಕಾಲೇಜು ಬದಲಿಸಿದ್ದರಂತೂ ಕೇಳುವುದೇ ಬೇಡ.

ಒಡೆದ ಪ್ರೊಫೈಲಿನಿಂದ ಎಚ್-ಇಂಡೆಕ್ಸಿಗೆ ಬೀಳುವ ಏಟು ಒಟ್ಟು ಸೈಟೇಶನ್ನಿಗೆ ಬೀಳುವ ಏಟಿನಂತಲ್ಲ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಕನಿಷ್ಠ ಎಚ್ ಸೈಟೇಶನ್ ಇರುವ ಎಚ್ ಪ್ರಬಂಧಗಳು ಬೇಕು. ಎಂಟು ಪ್ರಬಂಧಗಳಿಗೆ 14, 11, 9, 7, 6, 5, 5, 2 ಸೈಟೇಶನ್ ಇವೆ ಅನ್ನೋಣ. ಒಟ್ಟು 59, ಎಚ್ 5. ಇವೇ ಮೂರು ಪ್ರೊಫೈಲಿಗೆ ಹಂಚಿಹೋದರೆ: 14, 7, 2 ಒಂದರಲ್ಲಿ, ಎಚ್ 2. 11, 6, 5 ಇನ್ನೊಂದರಲ್ಲಿ, ಎಚ್ 3. 9, 5 ಮತ್ತೊಂದರಲ್ಲಿ, ಎಚ್ 2. ಮೂರರ ಒಟ್ಟು ಸೈಟೇಶನ್ ಕೂಡಿದರೆ 59 ವಾಪಸ್ ಬರುತ್ತದೆ. ಎಚ್‌ಗಳನ್ನು ಕೂಡಿ 7 ಅಂದರೆ ತಪ್ಪು, ದೊಡ್ಡದನ್ನು ಹಿಡಿದು 3 ಅಂದರೂ ತಪ್ಪು. ಒಗ್ಗೂಡಿಸದೆ ಸರಿಯಾದ ಸಂಖ್ಯೆ ಸಿಗುವುದಿಲ್ಲ.

ಸರಿಪಡಿಸುವಾಗ ಮೊದಲು ಆರ್ಕಿಡ್ (ORCID) ಹಿಡಿಯಿರಿ. 2012ರಿಂದ ಇದೆ, ದುಡ್ಡಿಲ್ಲ, ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತು (ಕೊನೆಯದು ‘ಎಕ್ಸ್’ ಇದ್ದರೆ ಗಾಬರಿಯಾಗಬೇಡಿ, ಅದು ತಾಳೆ ನೋಡುವ ಅಂಕಿ). ನಿಮ್ಮ ಹೆಸರು ಎಷ್ಟು ಬಗೆಯಲ್ಲಿ ಅಚ್ಚಾಗಿದೆಯೋ ಅಷ್ಟನ್ನೂ ‘ಇತರ ಹೆಸರುಗಳು’ ಭಾಗದಲ್ಲಿ ಹಾಕಿ. ಪ್ರಬಂಧಗಳನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಕ್ರಾಸ್‌ರೆಫ್‌ನಿಂದ ಹುಡುಕಿ ಜೋಡಿಸಿ. ಆಮೇಲೆ ಸ್ಕೋಪಸ್‌ನ ಲೇಖಕ ಹುಡುಕಾಟಕ್ಕೆ ಹೋಗಿ ಎಲ್ಲ ರೂಪಗಳಿಂದಲೂ ಹುಡುಕಿ. ‘ಎಸ್’ ಅನ್ನುವ ಒಂಟಿ ಅಕ್ಷರವನ್ನೇ ಲಾಸ್ಟ್ ನೇಮ್ ಮಾಡಿ ಹುಡುಕುವುದನ್ನು ಮರೆಯಬೇಡಿ, ಕಳೆದುಹೋದವು ಬಹುತೇಕ ಅಲ್ಲೇ ಇರುತ್ತವೆ. ಸಿಕ್ಕ ಪ್ರೊಫೈಲುಗಳನ್ನೆಲ್ಲ ಗುರುತು ಹಾಕಿ ಒಗ್ಗೂಡಿಸುವ ಕೋರಿಕೆ ಕಳಿಸಿ. ಅದೇ ದಿನ ಆಗುವ ಕೆಲಸವಲ್ಲ, ಅರ್ಜಿಯ ಕೊನೆಯ ದಿನಕ್ಕಿಂತ ಸಾಕಷ್ಟು ಮೊದಲೇ ಮಾಡಿ. ಕ್ರಾಸ್‌ರೆಫ್ ದಾಖಲೆಯೇ ತಪ್ಪಿದ್ದರೆ ನೀವು ತಿದ್ದಲಾಗದು. ಡಿಒಐ ಸಮೇತ ಪ್ರಕಾಶಕರಿಗೆ ಬರೆದು ಮೆಟಾಡೇಟಾ (ಹೆಸರು, ಶೀರ್ಷಿಕೆಯಂಥ ವಿವರ) ಮತ್ತೆ ಕಳಿಸಲು ಕೇಳಬೇಕು.

ಸ್ಕಾಲರ್‌ನಲ್ಲಿ ಕೆಲಸ ತಿರುವುಮುರುವು: ಅಲ್ಲಿ ಕಳೆಯುವುದೇ ಜಾಸ್ತಿ. ತಾನಾಗಿ ಸೇರಿಸುವ ಸೌಲಭ್ಯ ನಿಲ್ಲಿಸಿ, ಇಮೇಲಿನಲ್ಲಿ ಕೇಳುವಂತೆ ಮಾಡಿ. ಅದೇ ಹೆಸರಿನ ಬೇರೆಯವರ ಪ್ರಬಂಧ ನಿಮ್ಮ ಪುಟದಲ್ಲಿದ್ದರೆ ಇವತ್ತೇ ಅಳಿಸಿ. ಸಂದರ್ಶನದಲ್ಲಿ ಯಾರಾದರೂ ಅದನ್ನು ತೋರಿಸಿದರೆ ಯಂತ್ರ ಸೇರಿಸಿತು ಅಂದರೆ ಯಾರೂ ನಂಬುವುದಿಲ್ಲ. ಒಂದೇ ಪ್ರಬಂಧದ ಪ್ರಿಪ್ರಿಂಟ್ ಮತ್ತು ಜರ್ನಲ್ ರೂಪ ಬೇರೆ ಬೇರೆ ಸಾಲಿನಲ್ಲಿದ್ದರೆ ಎರಡಕ್ಕೂ ಟಿಕ್ ಹಾಕಿ ವಿಲೀನ ಮಾಡಿ. ಹೀಗೆ ತೊಳೆದ ಮೇಲೆ ನಿಮ್ಮ 9 ಇಳಿದರೂ ಇಳಿಯಬಹುದು, ಇಳಿಯಲಿ ಬಿಡಿ.

ಮುಂದಿನ ಪ್ರಬಂಧಗಳಿಗೆ ಇನಿಷಿಯಲ್ ಬೇಡವೇ ಬೇಡ. ಊರ ಹೆಸರನ್ನೋ ತಂದೆಯ ಹೆಸರನ್ನೋ ಪೂರ್ತಿ ಬಿಡಿಸಿ ಲಾಸ್ಟ್ ನೇಮ್ ಮಾಡಿಕೊಳ್ಳಿ, ಒಂದೇ ಕಾಗುಣಿತ, ಕೊನೆತನಕ. ‘ಕುಮಾರ್’ನಂಥ ಸಾಮಾನ್ಯ ಪದಕ್ಕಿಂತ ಊರ ಹೆಸರು ಎಷ್ಟೋ ವಾಸಿ. ಗೈಡ್ ಸಲ್ಲಿಸುವುದಾದರೆ ನಿಮ್ಮ ಹೆಸರು ಮತ್ತು ಆರ್ಕಿಡ್ ಹೇಗಿರಬೇಕು ಅಂತ ಬರೆದು ಕೊಡಿ. ಯಾರು ಮೊದಲ ಹೆಸರು, ಯಾರು ಕರೆಸ್ಪಾಂಡಿಂಗ್ ಅನ್ನುವುದನ್ನು ಕರಡು ಶುರುವಾಗುವ ಮೊದಲೇ ಇಮೇಲಿನಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಲೇಖಕರಲ್ಲಿ ಯಾರು ಯಾವ ಕೆಲಸ ಮಾಡಿದರು ಅಂತ ಗುರುತಿಸುವ ಕ್ರೆಡಿಟ್ (CRediT) ಪಟ್ಟಿಯ 14 ಪಾತ್ರಗಳನ್ನು ಮುಂದಿಟ್ಟುಕೊಂಡರೆ ಮಾತು ಸುಲಭವಾಗುತ್ತದೆ. ಲ್ಯಾಬಿನ ಮುಖ್ಯಸ್ಥರು ಅನ್ನುವ ಒಂದೇ ಕಾರಣಕ್ಕೆ ಮೂರನೆಯ ಹೆಸರು ಸೇರಿಸಿದಿರೋ, ಎರಡನೆಯವರು ಕರೆಸ್ಪಾಂಡಿಂಗ್ ಅಲ್ಲದಿದ್ದರೆ ಅವರ 16.1 ಆ ಕ್ಷಣವೇ 6.9 ಆಗುತ್ತದೆ. ಎಚ್-ಇಂಡೆಕ್ಸಿಗೆ ಮಾತ್ರ ಇದರ ಪರಿವೆಯೇ ಇಲ್ಲ. ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು, ಅದರ ಸೈಟೇಶನ್ ಅಷ್ಟೂ ಜನರ ಖಾತೆಗೆ ಪೂರ್ತಿ ಪೂರ್ತಿ ಜಮಾ.

ನಿಮ್ಮ ಮನೆಯವರು ಕನ್ನಡ ವಿಭಾಗದಲ್ಲಿದ್ದಾರೆ, ಅವರಿಗೆ ಸ್ಕೋಪಸ್‌ನಲ್ಲಿ ಸೊನ್ನೆ ಎಂದೂ ಬರೆದಿದ್ದೀರಿ. ಆ ಸೊನ್ನೆ ಅವರ ಕೆಲಸವನ್ನು ಅಳೆದು ಬಂದದ್ದಲ್ಲ. ಕನ್ನಡ ಸಂಶೋಧನಾ ಪತ್ರಿಕೆಗಳು ಸ್ಕೋಪಸ್ ಕಣ್ಣಿಗೆ ಬೀಳುವುದೇ ಅಪರೂಪ. ಕೋಷ್ಟಕದಲ್ಲಿ ಭಾಷೆ, ಮಾನವಿಕಗಳಿಗೆ ಮೂಲ ಅಂಕವೇ 10. ಒಬ್ಬರೇ ಬರೆದಿದ್ದರೆ ಅಷ್ಟೂ ಅವರದೇ. ಅವರು ಮಾಡಬಹುದಾದ ಕೆಲಸ ಬೇರೆ: ನುಡಿ, ಬರಹದ ಹಳೇ ಫಾಂಟಿನಲ್ಲಿ ಮಾಡಿದ ಪಿಡಿಎಫ್ ತೆರೆದು ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಲಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಸ್ಕಾಲರ್ ಓದುತ್ತಿರುವುದೂ ಅದನ್ನೇ. ಯೂನಿಕೋಡಿಗೆ ಪರಿವರ್ತಿಸಿ, ಮೊದಲ ಪುಟದಲ್ಲಿ ಶೀರ್ಷಿಕೆ, ಹೆಸರು, ಸಾರಾಂಶ ಇಂಗ್ಲಿಷಿನಲ್ಲೂ ಹಾಕಿ, ಪತ್ರಿಕೆಯವರ ಒಪ್ಪಿಗೆ ಪಡೆದು ವಿಶ್ವವಿದ್ಯಾಲಯದ ಭಂಡಾರದಲ್ಲಿ ಒಂದೊಂದು ಲೇಖನಕ್ಕೂ ಬೇರೆ ಕಡತವಾಗಿ ಏರಿಸಲಿ. ಇಡೀ ಸಂಚಿಕೆಯನ್ನು ಒಂದೇ ಪಿಡಿಎಫ್ ಮಾಡಿ ಹಾಕಿದರೆ ಒಳಗಿನ ಲೇಖನಗಳು ಸ್ಕಾಲರಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ.