ಕ್ಯಾಲೆಂಡರಿನ ಪೆನ್ಸಿಲ್ ಗುರುತು

*ನಾನು ಉಳ್ಳಾಲದವಳು, ವಯಸ್ಸು 31, ಖಾಸಗಿ ಶಾಲೆಯಲ್ಲಿ ಟೀಚರ್. ಒಂದೂವರೆ ವರ್ಷದಿಂದ ಮಗಳ ಜೊತೆ ತವರಲ್ಲೇ ಇದ್ದೇನೆ. ಕಳೆದ ತಿಂಗಳು ಗಂಡ ಜಮಾತ್‌ನವರ ಮುಂದೆ ಒಂದು ತಲಾಕ್ ಹೇಳಿದರು. ಉಮ್ಮ ಕ್ಯಾಲೆಂಡರಿನಲ್ಲಿ 90 ದಿನ ಎಣಿಸಿ ಪೆನ್ಸಿಲಿನಿಂದ ಸುತ್ತು ಹಾಕಿದ್ದಾರೆ. ಅಲ್ಲಿವರೆಗೆ ಶಾಲೆಗೆ ಹೋಗಬೇಡ ಅನ್ನುತ್ತಾರೆ. ಗಂಡನ ಕಡೆಯವರು ಮೂರು ತಿಂಗಳ ಖರ್ಚು ಕೊಟ್ಟು, 'ಇನ್ನೇನೂ ಬಾಕಿ ಇಲ್ಲ' ಎಂದು ಸ್ಟಾಂಪ್ ಪೇಪರಿಗೆ ಸಹಿ ಕೇಳುತ್ತಿದ್ದಾರೆ. ಬೇರೆಯೇ ಇದ್ದವಳಿಗೆ ಇದ್ದತ್, ಅಂದರೆ ತಲಾಕ್ ನಂತರ ಕಾಯುವ ಈ ಅವಧಿ, ಯಾಕೆ? ನನ್ನ ಹಿಂದೂ ಸಹೋದ್ಯೋಗಿಗೂ ಡಿವೋರ್ಸ್ ಆದಮೇಲೆ 90 ದಿನ ಕಾಯಲು ಹೇಳಿದ್ದರಂತೆ. ಎರಡೂ ಒಂದೇನಾ?*

ತಂಗಿ, ಮೊದಲು ಒಂದು ಮಾತು. ಆ ಕಾಗದಕ್ಕೆ ಸಹಿ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಉಮ್ಮನ ಲೆಕ್ಕ ಸ್ವಲ್ಪ ತಪ್ಪಿದೆ. ಮುಟ್ಟಾಗುವ ಹೆಣ್ಣಿಗೆ ಇದ್ದತ್ ಅಂದರೆ 90 ದಿನ ಅಲ್ಲ, ಮೂರು ಮುಟ್ಟಿನ ಲೆಕ್ಕ. ಮುಟ್ಟು ನಿಂತವರಿಗೆ ಮೂರು ಚಾಂದ್ರಮಾನ ತಿಂಗಳು, ಗರ್ಭಿಣಿಗೆ ಹೆರಿಗೆ ಆಗುವ ತನಕ. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿ ಪಂಥದವರು. ಅವರು ಎಣಿಸುವುದು ಮುಟ್ಟುಗಳ ನಡುವಿನ ಶುದ್ಧಿಯ ಅವಧಿಗಳನ್ನು. ಹನಫಿ ಪಂಥದವರು ಮುಟ್ಟನ್ನೇ ಎಣಿಸುತ್ತಾರೆ. ಹಾಗಾಗಿ ಕೊನೆಯ ದಿನ ಹಿಂದೆಮುಂದೆ ಆಗುತ್ತದೆ. ಖಾಝಿಯವರ ಹತ್ತಿರ ನಿಮ್ಮ ತಾರೀಕುಗಳನ್ನು ಕೊಟ್ಟು ಕೇಳಿ. ನಾಚಿಕೆಯಾದರೆ ಉಮ್ಮನ ಕೈಲಿ ಚೀಟಿ ಕಳಿಸಿ.

ಬೇರೆ ಇದ್ದದ್ದು ಎಷ್ಟೇ ಕಾಲವಾದರೂ ಎಣಿಕೆ ಶುರುವಾಗುವುದು ತಲಾಕ್ ಹೇಳಿದ ದಿನದಿಂದ. ಒಂದು ತಲಾಕ್ ಆದ್ದರಿಂದ ಇದ್ದತ್ ಮುಗಿಯುವ ತನಕ ಅವರು ನಿಮ್ಮನ್ನು ವಾಪಸ್ ಕರೆದುಕೊಳ್ಳಬಹುದು. ಅಂದರೆ ಮದುವೆ ಇನ್ನೂ ಪೂರ್ತಿ ಕಡಿದಿಲ್ಲ. ಈಗಲೇ ಬೇರೆ ಸಂಬಂಧದ ಮಾತು ಬೇಡ.

ಸಹೋದ್ಯೋಗಿಯ 90 ದಿನ ಬೇರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಡಿವೋರ್ಸ್ ತೀರ್ಪಿನ ಮೇಲೆ ಅಪೀಲು ಹಾಕುವ ಅವಧಿ, ಗಂಡ ಹೆಂಡತಿ ಇಬ್ಬರಿಗೂ ಅನ್ವಯಿಸುತ್ತದೆ. ಮೊದಲು ಮರುಮದುವೆಗೆ ಒಂದು ವರ್ಷ ಕಾಯಬೇಕಿತ್ತು, 1976ರಲ್ಲಿ ಆ ನಿಯಮ ತೆಗೆದರು.

ಶಾಲೆಯ ವಿಷಯ. ಪ್ರವಾದಿಯವರ ಸಂಗಾತಿ ಜಾಬಿರ್ ಅವರ ಚಿಕ್ಕಮ್ಮ ತಲಾಕ್ ಆಗಿ ಇದ್ದತ್‌ನಲ್ಲಿದ್ದಾಗ ತಮ್ಮ ಖರ್ಜೂರ ಕೊಯ್ಯಲು ಹೊರಟಾಗ ಒಬ್ಬರು ತಡೆದರಂತೆ. ಆಕೆ ಪ್ರವಾದಿಯವರಲ್ಲಿ ಕೇಳಿದಾಗ, ಹೋಗಿ ಕೊಯ್ಯಿರಿ ಎಂದರು ಎಂದು ಹದೀಸಿನಲ್ಲಿದೆ. ಆಕೆಯದು ವಾಪಸ್ ಕರೆದುಕೊಳ್ಳಲಾಗದ ತಲಾಕ್, ನಿಮ್ಮದು ಹಾಗಲ್ಲ. ಅದಕ್ಕೇ ಇದನ್ನೂ ಖಾಝಿಯವರಲ್ಲಿ ಕೇಳಿ ಅನ್ನುತ್ತೇನೆ. ಆದರೆ ಉಮ್ಮನಿಗೆ ಈ ಖರ್ಜೂರದ ಕಥೆ ಹೇಳಿ, ಮನಸ್ಸು ಸ್ವಲ್ಪ ಕರಗಬಹುದು. ದೇಶದ ಕಾನೂನಿನಲ್ಲಂತೂ ಇದ್ದತ್‌ನಲ್ಲಿರುವವರು ಕೆಲಸಕ್ಕೆ ಹೋಗಬಾರದು ಅಂತ ಎಲ್ಲೂ ಇಲ್ಲ.

ನನಗೆ ಸಂಕಟ ಆಗುವುದು ಆ ಸ್ಟಾಂಪ್ ಪೇಪರ್ ನೆನೆದು. ಕಾಯುವುದಕ್ಕೆ ಮೂರು ತಿಂಗಳು ಸರಿ. ಅದನ್ನೇ ಹಿಡಿದು ನಿಮ್ಮ ಹಕ್ಕಿಗೂ ಮೂರು ತಿಂಗಳ ಬೇಲಿ ಹಾಕುವುದು ಯಾವ ನ್ಯಾಯ? ತಲಾಕ್ ಆದ ಮುಸ್ಲಿಂ ಹೆಂಗಸರ ಹಕ್ಕುಗಳ 1986ರ ಕಾಯ್ದೆಯ ಬಗ್ಗೆ ಸುಪ್ರೀಂ ಕೋರ್ಟ್ 2001ರಲ್ಲಿ ಡೇನಿಯಲ್ ಲತೀಫಿ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಗಂಡ ಇದ್ದತ್‌ನ ಒಳಗೆ ಕೊಡಬೇಕಾದದ್ದು ಆ ಮೂರು ತಿಂಗಳ ಊಟದ ಖರ್ಚು ಮಾತ್ರ ಅಲ್ಲ, ಹೆಂಡತಿಯ ಮುಂದಿನ ಬದುಕಿಗೆ ಬೇಕಾದ ವ್ಯವಸ್ಥೆ ಕೂಡ. ಬಾಕಿ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದದ್ದು), ಮದುವೆಯಲ್ಲಿ ನಿಮಗೆ ಬಂದ ಚಿನ್ನ, ಸಾಮಾನು ನಿಮ್ಮದೇ. ತಲಾಕ್ ಆದ ಮುಸ್ಲಿಂ ಹೆಂಗಸರು ಎಲ್ಲರಿಗೂ ಇರುವ ಜೀವನಾಂಶದ ಕಾನೂನಿನಡಿಯೂ ಕೇಳಬಹುದು ಎಂದು 2024ರ ಜುಲೈಯಲ್ಲಿ ಅದೇ ಕೋರ್ಟ್ ಹೇಳಿತು. ಮಗಳ ಖರ್ಚು ಬೇರೆಯೇ ಲೆಕ್ಕ, ನಿಮ್ಮ ಸಹಿಯಿಂದ ಅವಳ ಹಕ್ಕು ಹೋಗಬಾರದು.

ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಹೋಗುವಾಗ ನಿಕಾಹ್ ದಾಖಲೆ, ತಲಾಕ್‌ನ ಕಾಗದ, ಚಿನ್ನದ ಪಟ್ಟಿ, ಮಗಳ ಜನನ ಪ್ರಮಾಣಪತ್ರ ಎಲ್ಲದರ ಜೆರಾಕ್ಸ್ ಇರಲಿ. ಆ ಸ್ಟಾಂಪ್ ಪೇಪರಿನದ್ದೂ ಒಂದು ಫೋಟೋ ತೆಗೆದುಕೊಳ್ಳಿ. ಒತ್ತಾಯ ಮಾಡಿದರೆ, 'ವಕೀಲರಿಗೆ ತೋರಿಸಿ ಹೇಳುತ್ತೇನೆ' ಅನ್ನಿ, ಅಷ್ಟು ಸಾಕು.